‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಮಾಡಿದ್ದ. ಈತ ಒಂಬತ್ತನೆಯ ತರಗತಿಯಲ್ಲಿ ಬೀಜಗಣಿತದ ಹಂತಗಳನ್ನು ಹಾರಿಸಿ ನೇರವಾಗಿ ಉತ್ತರ ಬರೆದು ನನ್ನಿಂದ ಅಂಕ ಕಳೆದುಕೊಳ್ಳುತ್ತಿದ್ದವನು. ಈಗ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ತಂಡದ ಮುಖ್ಯಸ್ಥ. ಕುಶಲೋಪರಿಯೆಲ್ಲ ಆದ ಮೇಲೆ ಬಹು ಉತ್ಸಾಹದಿಂದ ಹೇಳಿದ:

“ಸರ್, ನಮ್ಮಲ್ಲಿ ಒಂದು ಹಳೇ ಪ್ರೋಗ್ರಾಂ ಇತ್ತು, ನಾನೂರು ಫೈಲು. ಹತ್ತು ವರ್ಷದಿಂದ ಒಬ್ಬೊಬ್ಬರು ಒಂದೊಂದು ರೀತಿ ಬರೆದು ಗಬ್ಬೆಬ್ಬಿಸಿದ್ದರು. ಎಲ್ಲವನ್ನೂ ಒಂದೇ ಶಿಸ್ತಿಗೆ ತಂದುಬಿಟ್ಟೆ. ಎಡಿಟರಿನಲ್ಲಿ ನಾಲ್ಕು ಆಜ್ಞೆ, ಎರಡೇ ನಿಮಿಷ.”

“ಆಮೇಲೆ ಓದಿ ನೋಡಿದೆಯೇನಯ್ಯಾ?” ಎಂದೆ.

“ನಾನೂರು ಫೈಲು ಯಾರು ಓದ್ತಾರೆ ಸರ್!” ಎಂದು ನಕ್ಕ.

ನಾನೂ ನಕ್ಕೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಅವನಿಗೆ ಹೇಳಬೇಕಾಗಿದ್ದ ಸಂಗತಿಯೊಂದು ನನ್ನಲ್ಲಿ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಕುಳಿತಿದೆ. ಅದನ್ನು ಫೋನಿನಲ್ಲಿ ಹೇಳುವಷ್ಟು ಧೈರ್ಯ ಬರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಂಧುವರ್ಗದಲ್ಲಿ ಕಂಪ್ಯೂಟರಿನ ಗಂಧವಿಲ್ಲದವರೂ ಈ ಪುಟವನ್ನು ಓದುತ್ತಾರೆ. ಅವರಿಗಾಗಿ ಎರಡು ಮಾತು. ಕಂಪ್ಯೂಟರಿಗೆ ಮಾಡಬೇಕಾದ ಕೆಲಸವನ್ನು ಸಾಲುಸಾಲಾಗಿ ಬರೆದುಕೊಡುತ್ತಾರೆ; ಆ ಬರಹಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಒಂದು ಷರತ್ತಿಗೆ ಒಳಪಟ್ಟ ಸಾಲುಗಳನ್ನು ಅಂಚಿನಿಂದ ಸ್ವಲ್ಪ ಒಳಕ್ಕೆ ಸರಿಸಿ ಬರೆಯುವುದು ರೂಢಿ. ‘ಮಳೆ ಬಂದರೆ’ ಎಂದು ಒಂದು ಸಾಲು. ಅದರ ಕೆಳಗೆ ತುಸು ಒಳಗೆ ‘ಕೊಡೆ ತೆಗೆದುಕೊ’, ‘ಬಟ್ಟೆ ಒಳಗೆ ತಾ’ ಎಂದು ಎರಡು ಸಾಲು. ಒಳಗೆ ಸರಿದ ಸಾಲುಗಳು ಮಳೆ ಬಂದಾಗ ಮಾತ್ರ ನಡೆಯತಕ್ಕವು ಎಂದು ನೋಡಿದೊಡನೆ ತಿಳಿಯುತ್ತದೆ. ಸರಿಸುವುದಕ್ಕೆ ಕೆಲವರು ಖಾಲಿ ಜಾಗದ ಗುಂಡಿಯನ್ನು ನಾಲ್ಕು ಬಾರಿ ಒತ್ತುತ್ತಾರೆ, ಕೆಲವರು ಎಂಟು ಬಾರಿ, ಇನ್ನು ಕೆಲವರು ಟ್ಯಾಬ್ ಎಂಬ ಗುಂಡಿಯನ್ನು ಒಮ್ಮೆ. ಹಲವರ ಕೈ ಸೇರಿದಾಗ ಬರಹ ಅಂಕುಡೊಂಕಾಗುತ್ತದೆ. ಅದನ್ನು ನೆಟ್ಟಗೆ ಮಾಡುವುದೇ ನನ್ನ ಶಿಷ್ಯ ಎರಡು ನಿಮಿಷದಲ್ಲಿ ಮುಗಿಸಿದ ಕೆಲಸ.

ಈ ನೆಟ್ಟಗೆ ಮಾಡುವ ಹುಚ್ಚು ನನಗೂ ಹಳೆಯದು. 1984ರಲ್ಲಿ ಕೇಂದ್ರ ಸರ್ಕಾರವು ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸುವ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಬಿಬಿಸಿ ಮೈಕ್ರೋ ಯಂತ್ರಗಳು ಬಂದವು. ಗಣಿತದ ಮೇಷ್ಟರೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಇಂಜಿನಿಯರಿಂಗ್ ಕಾಲೇಜೊಂದಕ್ಕೆ ತರಬೇತಿಗೆ ಕಳುಹಿಸಿದರು. ಮೂವತ್ತೆರಡು ಕಿಲೋಬೈಟಿನ ನೆನಪಿನ ಆ ಯಂತ್ರದಲ್ಲಿ ಬೇಸಿಕ್ ಭಾಷೆಯ ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡಬೇಕಿತ್ತು: 10, 20, 30. ನಡುವೆ ಸಾಲುಗಳನ್ನು ತುರುಕುತ್ತಾ ಹೋದಂತೆ ಜಾಗ ಮುಗಿಯುತ್ತಿತ್ತು. ಆಗ ‘ರಿನಂಬರ್’ ಎಂದು ಆಜ್ಞೆ ಕೊಟ್ಟರೆ ಎಲ್ಲ ಸಾಲುಗಳಿಗೂ ಹೊಸ ಸಂಖ್ಯೆ ಬೀಳುತ್ತಿತ್ತು. ‘ಇಂತಿಷ್ಟನೆಯ ಸಾಲಿಗೆ ಹೋಗು’ ಎಂದು ಬರೆದಿದ್ದ ಕಡೆಗಳಲ್ಲೆಲ್ಲ ಆ ಸಂಖ್ಯೆಯೂ ತಾನಾಗಿ ಬದಲಾಗುತ್ತಿತ್ತು. ನಾವು ಮೇಷ್ಟರುಗಳು ಅದನ್ನು ಪವಾಡವೆಂಬಂತೆ ನೋಡುತ್ತಿದ್ದೆವು. ಒಂದೇ ತೊಡಕು. ‘1000ಕ್ಕೆ ಹತ್ತರಷ್ಟು ಇಷ್ಟನ್ನು ಕೂಡಿಸಿ ಬಂದ ಸಾಲಿಗೆ ಹೋಗು’ ಎಂದು ಲೆಕ್ಕ ಹಾಕಿ ನೆಗೆಯುವಂತೆ ಬರೆದಿದ್ದರೆ ಅದನ್ನು ರಿನಂಬರ್ ಸರಿಪಡಿಸುತ್ತಿರಲಿಲ್ಲ. ಮನಸ್ಸಿನಲ್ಲಿದ್ದ ಲೆಕ್ಕ ಅದಕ್ಕೆ ಹೇಗೆ ತಿಳಿಯಬೇಕು?

ಅದೇ ಯಂತ್ರದಲ್ಲಿ ‘ಲಿಸ್ಟೋ 7’ ಎಂಬ ಇನ್ನೊಂದು ಆಜ್ಞೆ ಇತ್ತು. ಅದನ್ನು ಕೊಟ್ಟು ಪ್ರೋಗ್ರಾಮನ್ನು ತೆರೆಯ ಮೇಲೆ ತರಿಸಿದರೆ ಆವರ್ತನೆಯ ಒಳಗಿನ ಸಾಲುಗಳು ಅಂಚು ಬಿಟ್ಟು ಚೆಂದವಾಗಿ ಕಾಣುತ್ತಿದ್ದವು. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗುತ್ತಿರಲಿಲ್ಲ, ತೋರಿಕೆ ಮಾತ್ರ ಬೇರೆ. ಬರಹವನ್ನು ಮುಟ್ಟದೆ ಓದುವವನ ಕಣ್ಣಿಗೆ ಅನುಕೂಲ ಮಾಡಿಕೊಡುವ ಆ ವಿನಯ ನನಗೆ ಇಂದಿಗೂ ಇಷ್ಟ.

ನಿವೃತ್ತಿಯ ನಂತರ ಕೈಗೆ ಬಂದದ್ದು ಲಿನಕ್ಸ್, ಪೈಥಾನ್ ಭಾಷೆ ಮತ್ತು ವಿಮ್ ಎಂಬ ಟೆಕ್ಸ್ಟ್ ಎಡಿಟರ್. ವಿಮ್‌ನ ಕರ್ತೃ ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 2023ರ ಆಗಸ್ಟಿನಲ್ಲಿ ತೀರಿಕೊಂಡರು. ಅವರು ತಮ್ಮ ತಂತ್ರಾಂಶಕ್ಕೆ ಹಣ ಕೇಳಲಿಲ್ಲ. ಉಗಾಂಡದ ಬಡಮಕ್ಕಳಿಗೆ ನೆರವಾಗಿ ಎಂದು ಅದರ ಮೊದಲ ತೆರೆಯಲ್ಲಿಯೇ ಬರೆದಿಟ್ಟಿದ್ದರು. ವಿದ್ಯಾರ್ಥಿವೇತನದ ಕೆಲಸ ಮಾಡುವ ನನ್ನಂಥವನಿಗೆ ಆ ಒಂದು ಸಾಲಿನಿಂದಲೇ ಅದರ ಮೇಲೆ ಪ್ರೀತಿ ಹುಟ್ಟಿತು. ಈ ಎಡಿಟರಿನಲ್ಲಿ ಒಂದು ಸಾಲಿಗೆ ಮಾಡಿದ ತಿದ್ದುಪಡಿಯನ್ನು ಮ್ಯಾಕ್ರೋ ಎಂದು ದಾಖಲಿಸಿಟ್ಟು ಮುಂದಿನ ನೂರು ಸಾಲುಗಳಿಗೆ ಪುನರಾವರ್ತಿಸಬಹುದು. ಅಕ್ಷರಗಳ ಮಾದರಿಯನ್ನು ಸೂತ್ರರೂಪದಲ್ಲಿ ಕೊಟ್ಟು ಹುಡುಕಿ ಬದಲಾಯಿಸಬಹುದು. ರೆಗ್ಯುಲರ್ ಎಕ್ಸ್‌ಪ್ರೆಷನ್ ಎನ್ನುವ ಈ ಸೂತ್ರಗಳು ಮೂಲತಃ ಗಣಿತದವು. ಸ್ಟೀಫನ್ ಕ್ಲೀನಿ ಎಂಬ ತರ್ಕಶಾಸ್ತ್ರಜ್ಞ 1950ರ ದಶಕದಲ್ಲಿ ಅವನ್ನು ರೂಪಿಸಿದರು. ಕೆನ್ ಥಾಂಪ್ಸನ್ ಅವನ್ನು ಎಡಿಟರಿನೊಳಗೆ ತಂದು, 1968ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಗಣಿತವು ಅಕ್ಷರಗಳ ಹೊಲವನ್ನು ಉಳುವುದನ್ನು ಕಂಡು ನಾನು ಮಕ್ಕಳಂತೆ ಸಂತೋಷಪಟ್ಟೆ.

ಆದರೆ ಈ ಸೂತ್ರಗಳಿಗೆ ಗೊತ್ತಿರುವುದು ಅಕ್ಷರ ಮಾತ್ರ, ಅರ್ಥವಲ್ಲ. ಕನ್ನಡದ್ದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಬಂಧುಗಳಲ್ಲಿ ಕೆಲವರು ಇದನ್ನು ಮರೆತಿರಲಾರರು. ನಮ್ಮ ವಂಶವೃಕ್ಷದ ಪುಸ್ತಿಕೆಯನ್ನು ಟೈಪು ಮಾಡುವಾಗ ಅಜ್ಜನವರ ಹೆಸರು ಕೆಲವು ಕಡೆ ರಾಮ ಎಂದೂ ಕೆಲವು ಕಡೆ ರಾಮಚಂದ್ರ ಎಂದೂ ಇತ್ತು. ಏಕರೂಪವಾಗಲೆಂದು ‘ರಾಮ’ ಬಂದಲ್ಲೆಲ್ಲ ‘ರಾಮಚಂದ್ರ’ ಎಂದು ಬದಲಿಸು ಎಂದೆ. ಕ್ಷಣಾರ್ಧದಲ್ಲಿ ಆಯಿತು. ಅಚ್ಚಿನ ಕರಡು ಬಂದಾಗ ನೋಡಿದರೆ ನಮ್ಮ ಪೂರ್ವಜರು ತುಂಗಾತೀರದ ಒಂದು ‘ಗ್ರಾಮಚಂದ್ರ’ದಿಂದ ವಲಸೆ ಬಂದಿದ್ದರು, ಇಲ್ಲಿ ‘ಆರಾಮಚಂದ್ರ’ವಾಗಿ ನೆಲೆಸಿದ್ದರು, ಮತ್ತು ಅಜ್ಜನವರು ಹಲವು ಕಡೆ ‘ರಾಮಚಂದ್ರಚಂದ್ರ’ರಾಗಿದ್ದರು. ಗ್ರಾಮದ ‘ಗ’ಕಾರದ ಒತ್ತಿನಲ್ಲಿ ಒಬ್ಬ ರಾಮ ಅಡಗಿದ್ದಾನೆಂದು ನನಗೆ ಹೊಳೆದಿರಲಿಲ್ಲ, ಯಂತ್ರದ ಲೆಕ್ಕದಲ್ಲಿ ಆ ಒತ್ತಕ್ಷರವೂ ಬಿಡಿಬಿಡಿ ಅಕ್ಷರಗಳ ಸಾಲೇ. ಅಂದು ಮನೆಮಂದಿಯೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುವಂಥ ತಪ್ಪು ಒಳ್ಳೆಯದು, ತಾನೇ ಎದ್ದು ಕಾಣುತ್ತದೆ.

ಕಾಣದ ತಪ್ಪಿನ ಕಥೆ 2012ರದು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ನಿಧಿಯಿಂದ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಹನ್ನೆರಡು ಮಂದಿಗೆ ತಲಾ ಮೂರು ಸಾವಿರ ರೂಪಾಯಿ ಕೊಡುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ಗೊತ್ತು; ಕೊಟ್ಟವರೂ ನೀವೇ. ಶೇಕಡಾವಾರು ಅಂಕವೇ ಆಧಾರ. ಐದು ಕಿಲೋಮೀಟರಿಗಿಂತ ದೂರದಿಂದ ಶಾಲೆಗೆ ಬಂದವರಿಗೆ ಐದು ಅಂಕ ಹೆಚ್ಚುವರಿ ಎಂಬುದು ಸಮಿತಿಯ ನಿಯಮ. ಅರ್ಜಿಗಳನ್ನು ಕ್ರಮವಾಗಿ ಜೋಡಿಸಲು ನಾನೇ ಪೈಥಾನಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಅದರಲ್ಲಿ ‘ದೂರ ಐದಕ್ಕಿಂತ ಹೆಚ್ಚಿದ್ದರೆ’ ಎಂಬ ಷರತ್ತು. ಅದರ ಕೆಳಗೆ ಎರಡು ಸಾಲು. ಒಂದು, ಹೆಸರಿನ ಮುಂದೆ ‘ದೂರ’ ಎಂದು ಗುರುತು ಹಾಕುವುದು. ಎರಡು, ಅಂಕಕ್ಕೆ ಐದು ಕೂಡಿಸುವುದು. ಮೊದಲನೆಯ ಸಾಲನ್ನು ಮನೆಯಲ್ಲಿ ಎಂಟು ಖಾಲಿ ಜಾಗ ಬಿಟ್ಟು ಬರೆದಿದ್ದೆ. ಎರಡನೆಯದನ್ನು ಮುಂದೊಮ್ಮೆ ಶಾಲೆಯ ಕಂಪ್ಯೂಟರಿನಲ್ಲಿ ಸೇರಿಸಿದಾಗ ಟ್ಯಾಬ್ ಗುಂಡಿ ಒತ್ತಿದ್ದೆ. ಅಲ್ಲಿ ಟ್ಯಾಬ್ ಎಂದರೆ ಎಂಟು ಜಾಗದಷ್ಟು ಅಗಲ ಕಾಣುತ್ತಿತ್ತು. ಎರಡೂ ಸಾಲು ನೆಟ್ಟಗಿದ್ದವು. ಪೈಥಾನಿನ ಎರಡನೆಯ ಆವೃತ್ತಿಯೂ ಟ್ಯಾಬನ್ನು ಎಂಟರ ಲೆಕ್ಕದಲ್ಲಿಯೇ ಓದುತ್ತಿತ್ತು. ಆದ್ದರಿಂದ ಎಲ್ಲವೂ ಸರಿಯಾಗಿ ನಡೆದಿತ್ತು.

ಮನೆಯ ಎಡಿಟರಿನಲ್ಲಿ ಮಾತ್ರ ಟ್ಯಾಬಿನ ಅಗಲ ನಾಲ್ಕು. ಅಲ್ಲಿ ತೆರೆದಾಗ ಹತ್ತಾರು ಸಾಲುಗಳು ಅಡ್ಡಾದಿಡ್ಡಿಯಾಗಿ ಕಂಡು ನನಗೆ ಕಿರಿಕಿರಿಯಾಯಿತು. ಮೇಷ್ಟರ ಜನ್ಮ, ವಕ್ರ ಸಾಲನ್ನು ಸಹಿಸುವುದು ಕಷ್ಟ. ‘ಟ್ಯಾಬ್ ಇದ್ದಲ್ಲೆಲ್ಲ ನಾಲ್ಕು ಖಾಲಿ ಜಾಗ ಹಾಕು, ಎಲ್ಲವನ್ನೂ ಬದಲಿಸು’ ಎಂದೆ. ತೆರೆಯ ಮೇಲೆ ಕಣ್ಣಿಗೆ ಕಾಣುವಂಥ ವ್ಯತ್ಯಾಸವೇ ಆಗಲಿಲ್ಲ. ಆ ಎಡಿಟರಿನಲ್ಲಿ ಟ್ಯಾಬ್ ಹೇಗೂ ನಾಲ್ಕರ ಅಗಲವಷ್ಟೆ. ಉಳಿದ ವಕ್ರತೆಗಳನ್ನು ಮ್ಯಾಕ್ರೋ ಒಂದರಿಂದ ಸಮ ಮಾಡಿ ಕಾಫಿ ಕುಡಿಯಲು ಎದ್ದೆ.

ಗಣಿತದಲ್ಲಿ ಬಿಡಿ, ಹತ್ತು, ನೂರರ ಸ್ಥಾನಗಳನ್ನು ಕಲಿಸುವಾಗ ಒಂದು ಅಂಕಿ ಒಂದು ಮನೆ ಎಡಕ್ಕೆ ಸರಿದರೆ ಐದು ಐವತ್ತಾಗುತ್ತದೆ ಎಂದು ನಿಮಗೆಲ್ಲ ಸಾವಿರ ಸಲ ಹೇಳಿದ್ದೇನೆ. ಪೈಥಾನಿನಲ್ಲಿಯೂ ಹಾಗೆಯೇ. ಇತರ ಅನೇಕ ಭಾಷೆಗಳಲ್ಲಿ ಅಂಚು ಕಣ್ಣಿನ ಸೌಕರ್ಯಕ್ಕೆ. ಇಲ್ಲಿ ಅಂಚೇ ಅರ್ಥ. ಐದು ಅಂಕ ಕೂಡಿಸುವ ಸಾಲು ಎಂಟರಿಂದ ನಾಲ್ಕಕ್ಕೆ ಸರಿದು ಷರತ್ತಿನಿಂದ ಹೊರಕ್ಕೆ ಬಂದುಬಿಟ್ಟಿತ್ತು. ‘ದೂರ’ ಎಂಬ ಗುರುತು ದೂರದವರಿಗೆ ಮಾತ್ರ ಬಿತ್ತು, ಐದು ಅಂಕ ಎಲ್ಲರಿಗೂ ಬಿತ್ತು. ಎಲ್ಲರಿಗೂ ಕೊಟ್ಟ ರಿಯಾಯಿತಿ ಯಾರಿಗೂ ಕೊಡದಿದ್ದಂತೆ. ಪ್ರೋಗ್ರಾಂ ಎಲ್ಲಿಯೂ ಮುಗ್ಗರಿಸಲಿಲ್ಲ. ಪಟ್ಟಿಯಲ್ಲಿ ಹನ್ನೆರಡು ಹೆಸರು ಹನ್ನೆರಡಾಗಿಯೇ ಇದ್ದವು. ಅದನ್ನು ಶಾಲೆಯ ಫಲಕಕ್ಕೆ ಅಂಟಿಸಿದೆವು.

ನಾಲ್ಕು ದಿನಗಳ ನಂತರ ಒಬ್ಬ ಹುಡುಗಿ ತಂದೆಯೊಡನೆ ನಮ್ಮ ಮನೆಯ ಅಂಗಳಕ್ಕೆ ಬಂದಳು. ಏಳೆಂಟು ಕಿಲೋಮೀಟರ್ ದೂರದ ಹಳ್ಳಿ. ದೂರಲು ಬಂದವಳಲ್ಲ, “ಸರ್, ನನ್ನ ಲೆಕ್ಕ ಒಂದ್ಸಲ ನೋಡ್ತೀರಾ?” ಎಂದಳು, ಅಷ್ಟೆ. ನಾನು ಒಳಗಿನಿಂದ ಹಾಳೆ ತಂದು ತೋರಿಸಿದೆ. ಎಂಬತ್ತೊಂದು, ದೂರಕ್ಕೆ ಐದು, ಒಟ್ಟು ಎಂಬತ್ತಾರು. ಸರಿಯಾಗಿಯೇ ಇತ್ತು. “ಲೆಕ್ಕ ಸರಿಯಿದೆಯಮ್ಮಾ, ಈ ವರ್ಷ ಪೈಪೋಟಿ ಜಾಸ್ತಿ” ಎಂದೆ. ತಂದೆ ಕೈಮುಗಿದರು. ನನ್ನಾಕೆ ಕೊಟ್ಟ ಮಜ್ಜಿಗೆ ಕುಡಿದು ಇಬ್ಬರೂ ಬಿಸಿಲಿನಲ್ಲಿ ಹೊರಟುಹೋದರು.

ಸಂಜೆ ಏತಕ್ಕೋ ಅದೇ ಹಾಳೆಯನ್ನು ನೋಡುತ್ತಿದ್ದಾಗ ಹನ್ನೆರಡನೆಯ ಹೆಸರು ಕಣ್ಣಿಗೆ ಬಿತ್ತು. ಶಾಲೆಯ ಹಿಂದಿನ ಬೀದಿಯ ಹುಡುಗ. ಹೆಸರಿನ ಮುಂದೆ ‘ದೂರ’ ಎಂಬ ಗುರುತಿಲ್ಲ. ಅಂಕ ತೊಂಬತ್ತು ಎಂದಿದೆ. ಅವನ ಅಂಕಪಟ್ಟಿಗೆ ನಾನೇ ಸಹಿ ಮಾಡಿ ದೃಢೀಕರಿಸಿದ್ದೆ, ಎಂಬತ್ತೈದು. ಹುಡುಗಿಯ ಸಾಲು ಸರಿಯಿತ್ತು. ಉಳಿದ ಊರ ಮಕ್ಕಳ ಸಾಲುಗಳೆಲ್ಲ ತಪ್ಪಿದ್ದವು. ನಾನು ಅವಳ ಸಾಲನ್ನು ಮಾತ್ರ ನೋಡಿ ಅವಳನ್ನು ಕಳುಹಿಸಿಬಿಟ್ಟಿದ್ದೆ.

ಮರುದಿನ ಮೊದಲ ಬಸ್ಸಿಗೆ ಆ ಹಳ್ಳಿಗೆ ಹೋದೆ. ಹುಡುಗನಿಗೆ ಈಗಾಗಲೇ ಪತ್ರ ಹೋಗಿದ್ದರಿಂದ ಅವನ ಹೆಸರನ್ನು ತೆಗೆಯುವುದು ಬೇಡವೆಂದು ಸಮಿತಿ ಒಪ್ಪಿತು. ಆ ವರ್ಷ ಹದಿಮೂರು ಮಂದಿಗೆ ವಿದ್ಯಾರ್ಥಿವೇತನ ಸಂದಿತು. ಹದಿಮೂರನೆಯದರ ಹಣ ಯಾರದೆಂದು ವರದಿಯಲ್ಲಿ ಬರೆಯಲಿಲ್ಲ. ‘ಗಣಕದ ದೋಷದಿಂದ’ ಎಂದು ಕಾರ್ಯದರ್ಶಿಗಳು ನಡಾವಳಿಯಲ್ಲಿ ದಾಖಲಿಸಿದರು. ಗಣಕದ ದೋಷ ಏನೂ ಇರಲಿಲ್ಲ. ಇದನ್ನು ಈ ಪುಟದಲ್ಲಾದರೂ ತಿದ್ದಬೇಕೆಂದು ಅನೇಕ ವರ್ಷಗಳಿಂದ ಅಂದುಕೊಂಡಿದ್ದೆ.

ಇಷ್ಟಾದ ಮೇಲೆ ನಾನು ಯಂತ್ರದಿಂದ ತಿದ್ದುವುದೇ ಬೇಡ, ಕೈಯಿಂದಲೇ ತಿದ್ದಿ ಎನ್ನುವವನೆಂದು ತಿಳಿಯಬೇಡಿ. ನಾನೂರು ಫೈಲುಗಳನ್ನು ಕೈಯಿಂದ ತಿದ್ದಿದರೆ ನಾಲ್ಕು ಸಾವಿರ ಹೊಸ ತಪ್ಪುಗಳು ಹುಟ್ಟುತ್ತವೆ. ಉತ್ತರ ಪತ್ರಿಕೆಗಳ ರಾಶಿಯಲ್ಲಿ ಎಂಬತ್ತನೆಯದರ ಹೊತ್ತಿಗೆ ಮನುಷ್ಯನ ಕಣ್ಣು ಏನಾಗಿರುತ್ತದೆಂದು ಮೇಷ್ಟರಿಗೆ ಗೊತ್ತು. ವಕ್ರವಾಗಿಯೇ ಇರಲಿ ಬಿಡಿ ಎನ್ನುವಂತೆಯೂ ಇಲ್ಲ. 2014ರ ಫೆಬ್ರುವರಿಯಲ್ಲಿ ಆಪಲ್ ಸಂಸ್ಥೆ ತನ್ನ ಫೋನುಗಳಿಗೆ ತುರ್ತಾಗಿ ಒಂದು ತಿದ್ದುಪಡಿ ಕಳುಹಿಸಬೇಕಾಯಿತು. ಸುರಕ್ಷಿತ ಸಂಪರ್ಕದ ಸಹಿಯನ್ನು ಪರೀಕ್ಷಿಸುವ ಭಾಗದಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಬಾರಿ ಬಂದಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟದ್ದು. ಎರಡನೆಯದೂ ಅಷ್ಟೇ ಒಳಗೆ ಸರಿದು ಅದರಂತೆಯೇ ಕಾಣುತ್ತಿತ್ತು. ಆದರೆ ಅದು ಸಿ ಭಾಷೆ, ಅಲ್ಲಿ ಯಂತ್ರ ಅಂಚನ್ನು ನೋಡುವುದಿಲ್ಲ. ಆ ಸಾಲು ಷರತ್ತಿಲ್ಲದೆ ಪ್ರತಿ ಸಲವೂ ನಡೆದು, ಸಹಿಯ ಪರೀಕ್ಷೆ ನಡೆಯುವ ಮೊದಲೇ ಹೊರಕ್ಕೆ ನೆಗೆಯುತ್ತಿತ್ತು. ಸಿ ಭಾಷೆಯ ವ್ಯಾಕರಣ ಬಲ್ಲ ಸಾಧನವೊಂದರಿಂದ ಆ ಕಡತವನ್ನು ನೆಟ್ಟಗೆ ಮಾಡಿಸಿದ್ದರೆ ಎರಡನೆಯ ಸಾಲು ಎಡಕ್ಕೆ ಸರಿದು ನಿಂತು ತನ್ನನ್ನು ತಾನೇ ತೋರಿಸಿಕೊಡುತ್ತಿತ್ತು. ಅಲ್ಲಿ ಕಣ್ಣು ಅಂಚನ್ನು ನಂಬಿತು, ಯಂತ್ರ ನಂಬಲಿಲ್ಲ. ನನ್ನಲ್ಲಿ ಯಂತ್ರ ಅಂಚನ್ನು ನಂಬಿತು, ನಾನು ನೋಡಲಿಲ್ಲ.

ನನ್ನ ತಕರಾರು ಇರುವುದು ಅರ್ಥವರಿಯದ ಸಾಧನಕ್ಕೆ ಅರ್ಥವರಿತವನ ಅಧಿಕಾರ ಕೊಡುವುದರ ಬಗ್ಗೆ. ವ್ಯಾಕರಣ ಬಲ್ಲ ಸಾಧನಗಳು ಬೇರೆಯೇ ಇವೆ. 2009ರಲ್ಲಿ ಬಂದ ಗೋ ಭಾಷೆಯೊಡನೆ ಗೋಫಮ್ಟ್ ಎಂಬುದು ಬಂತು. 2018ರಲ್ಲಿ ಪೈಥಾನಿಗೆ ಬ್ಲ್ಯಾಕ್ ಎಂಬುದು ಬಂತು. ಬ್ಲ್ಯಾಕ್ ಮಾಡುವ ಒಂದು ಕೆಲಸ ನನಗೆ ಬಹಳ ಮೆಚ್ಚುಗೆ. ತಿದ್ದುವ ಮೊದಲಿನ ಬರಹದ ವಾಕ್ಯರಚನೆಯನ್ನೂ ತಿದ್ದಿದ ಮೇಲಿನದರ ವಾಕ್ಯರಚನೆಯನ್ನೂ ಹೋಲಿಸಿ, ಅರ್ಥ ಒಂದೇ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಉಳಿಸುತ್ತದೆ. ಸಮೀಕರಣ ಬಿಡಿಸಿ ಉತ್ತರವನ್ನು ಮತ್ತೆ ಆದೇಶಿಸಿ ತಾಳೆ ನೋಡಿ ಎಂದು ನಾನು ಬಡಿದುಕೊಳ್ಳುತ್ತಿದ್ದೆನಲ್ಲ, ಅದೇ. ಅಂಥ ಸಾಧನ ಇರುವ ಕಡೆ ಎರಡು ನಿಮಿಷದ ಕೆಲಸವನ್ನು ಎರಡೇ ನಿಮಿಷದಲ್ಲಿ ಮುಗಿಸಿ, ನನ್ನ ಅಭ್ಯಂತರವಿಲ್ಲ.

ಎಡಿಟರಿನ ಹುಡುಕು-ಬದಲಿಸು, ಮ್ಯಾಕ್ರೋ ಮುಂತಾದ ಉಪಾಯಗಳಿಂದ ಮಾಡುವಾಗ ಮಾತು ಬೇರೆ. ಅವಕ್ಕೆ ಟ್ಯಾಬ್ ಎಂದರೆ ಟ್ಯಾಬ್, ಅಷ್ಟೆ. ಮೇಕ್ ಎಂಬ ಹಳೆಯ ಸಾಧನದ ಕಡತಗಳಲ್ಲಿ ಆಜ್ಞೆಯ ಸಾಲು ಟ್ಯಾಬಿನಿಂದಲೇ ಆರಂಭವಾಗತಕ್ಕದ್ದು. ಅಲ್ಲಿ ಖಾಲಿ ಜಾಗ ಹಾಕಿದರೆ ಅದು ಓದುವುದನ್ನೇ ನಿಲ್ಲಿಸುತ್ತದೆ. ಉದ್ಧರಣ ಚಿಹ್ನೆಗಳ ನಡುವೆ, ತೆರೆಯ ಮೇಲೆ ಮುದ್ರಿಸಬೇಕಾದ ಪಠ್ಯದಲ್ಲಿ ಒಂದು ಟ್ಯಾಬ್ ಇದ್ದರೆ ಅದು ಅಲಂಕಾರವಲ್ಲ, ವಿಷಯ. ಇವನ್ನು ಬೇರ್ಪಡಿಸಲು ಕಣ್ಣು ಬೇಕು. ಅದಕ್ಕಾಗಿಯೇ ವಿಮ್‌ನಲ್ಲಿ ಬದಲಿಸುವ ಆಜ್ಞೆಯ ಕೊನೆಗೆ ‘ಸಿ’ ಎಂಬ ಒಂದಕ್ಷರ ಸೇರಿಸುವ ಸೌಲಭ್ಯವಿದೆ. ಆಗ ಅದು ಒಂದೊಂದು ಸ್ಥಳದಲ್ಲಿಯೂ ನಿಂತು ‘ಬದಲಿಸಲೇ?’ ಎಂದು ಕೇಳುತ್ತದೆ. ‘ವೈ’ ಎಂದರೆ ಹೌದು, ‘ಎನ್’ ಎಂದರೆ ಬೇಡ, ‘ಎ’ ಎಂದರೆ ಇನ್ನು ಕೇಳಬೇಡ, ಎಲ್ಲವನ್ನೂ ಮಾಡು. ಇಮ್ಯಾಕ್ಸ್ ಎಂಬ ಎಡಿಟರಿನಲ್ಲಿಯೂ ಹೀಗೆ ಕೇಳಿ ಬದಲಿಸುವ ಏರ್ಪಾಡಿದೆ. ಹುಡುಕುವ ಶ್ರಮ ಯಂತ್ರದ್ದು, ಒಪ್ಪಿಗೆ ಮನುಷ್ಯನದು. ಈ ಅರೆಸ್ವಯಂಚಾಲಿತ ದಾರಿಯನ್ನು ಇಂದಿನವರು ಹಳೆಯ ಕಾಲದ್ದೆಂದು ನಗುತ್ತಾರೆ. ಮೂವತ್ತು ಸಲ ‘ವೈ’ ಒತ್ತುವಷ್ಟರಲ್ಲಿ ಮಾದರಿಯ ಸ್ವಭಾವ ಕೈಗೆ ತಿಳಿಯುತ್ತದೆ. ಎಲ್ಲಿ ತಪ್ಪುತ್ತದೆ ಎಂಬುದೂ ಹೊಳೆಯುತ್ತದೆ. ಆಮೇಲೆ ಬೇಕಾದರೆ ‘ಎ’ ಒತ್ತಲಿ. ಮೊದಲ ‘ವೈ’ಯನ್ನೇ ಒತ್ತದೆ ‘ಎ’ ಒತ್ತುವವನಿಗೆ ನಾನು ಅಂಕ ಕೊಡಲಾರೆ.

ಇನ್ನೊಂದು ತಕರಾರು ನನ್ನ ಶಿಷ್ಯನಂಥ ಮುಖ್ಯಸ್ಥರ ಬಗ್ಗೆ. ಅಂಚು ತಿದ್ದುವಾಗ ಕಣ್ಣಿಗೆ ಬಿದ್ದ ಒಂದೆರಡು ನಿಜವಾದ ತಪ್ಪುಗಳನ್ನೂ ಅದೇ ಕಂತೆಯಲ್ಲಿ ತಿದ್ದಿ ಕಳುಹಿಸುತ್ತಾರೆ. ಹತ್ತು ಸಾವಿರ ಸಾಲುಗಳ ತೋರಿಕೆಯ ಬದಲಾವಣೆಯಲ್ಲಿ ಎರಡು ಸಾಲುಗಳ ಅರ್ಥದ ಬದಲಾವಣೆ ಹುಲ್ಲಿನ ಬಣವೆಯೊಳಗೆ ಕಳೆದ ಬೆಂಡೋಲೆಯಂತೆ. ಎರಡನ್ನೂ ಬೇರೆ ಬೇರೆಯಾಗಿಡಬೇಕು. ಯಾವ ಸಾಲನ್ನು ಯಾರು ಬರೆದರೆಂದು ಗಿಟ್ ಎಂಬ ವ್ಯವಸ್ಥೆ ಲೆಕ್ಕವಿಡುತ್ತದೆ. ಒಮ್ಮೆ ಎಲ್ಲವನ್ನೂ ನೆಟ್ಟಗೆ ಮಾಡಿದರೆ ಪ್ರತಿ ಸಾಲಿನ ಮುಂದೆಯೂ ನೆಟ್ಟಗೆ ಮಾಡಿದವನ ಹೆಸರೇ ಬರುತ್ತದೆ. 2019ರಲ್ಲಿ ಬಂದ ಆವೃತ್ತಿಯಿಂದೀಚೆಗೆ, ಇಂಥ ಕಂತೆಗಳನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಅದಕ್ಕೆ ತಿಳಿಸಬಹುದಾಗಿದೆ. ಕಂತೆ ಶುದ್ಧವಾಗಿದ್ದರೆ ಮಾತ್ರ ಅದು ಉಪಯುಕ್ತ. ಕೃತಕ ಬುದ್ಧಿಮತ್ತೆಗೆ ಹೇಳಿದರೆ ಎಲ್ಲವನ್ನೂ ಅದೇ ಮಾಡಿಕೊಡುತ್ತದಲ್ಲ ಎಂದು ನನ್ನ ತಂಗಿಯ ಮಗ ಹೇಳುತ್ತಾನೆ. ಮಾಡಲಿ. ಆಮೇಲೆ ತಾಳೆ ನೋಡುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ಅಂದು ನಾನು ಮಾಡಬಹುದಾಗಿದ್ದ ಕೆಲಸ ಬಹಳ ಚಿಕ್ಕದು. ಹಿಂದಿನ ವರ್ಷದ ಅರ್ಜಿಗಳು ಪೆಟ್ಟಿಗೆಯಲ್ಲಿಯೇ ಇದ್ದವು. ತಿದ್ದಿದ ಪ್ರೋಗ್ರಾಮಿಗೆ ಅವನ್ನು ಉಣಿಸಿ, ಹಿಂದಿನ ವರ್ಷದ ಪಟ್ಟಿಯೇ ಮತ್ತೆ ಬರುತ್ತದೆಯೇ ಎಂದು ನೋಡಿದ್ದರೆ ಸಾಕಿತ್ತು. ಅರ್ಧ ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯುತ್ತಿರಲಿಲ್ಲ.

ಪೈಥಾನಿನ ಎರಡನೆಯ ಆವೃತ್ತಿಗೆ 2020ರ ಜನವರಿ 1ರಂದು ಬೆಂಬಲ ನಿಂತುಹೋಯಿತು. ಲಾಕ್‌ಡೌನಿನ ದಿನಗಳಲ್ಲಿ ಹಳೆಯ ಪೆನ್‌ಡ್ರೈವ್ ಒಂದರಲ್ಲಿ ನಾನು ‘ನೆಟ್ಟಗೆ’ ಮಾಡುವುದಕ್ಕೆ ಮೊದಲಿನ ಪ್ರತಿ ಸಿಕ್ಕಿತು. ಬೇರೆ ತಿದ್ದುಪಡಿಗಳನ್ನೆಲ್ಲ ಮಾಡಿ ಮೂರನೆಯ ಆವೃತ್ತಿಗೆ ಅದನ್ನು ಕೊಟ್ಟು ನೋಡಿದೆ. ಅದು ಐದು ಅಂಕ ಕೂಡಿಸುವ ಸಾಲಿನ ಮುಂದೆ ಬಂದು ನಿಂತಿತು. ಟ್ಯಾಬ್ ಮತ್ತು ಖಾಲಿ ಜಾಗ ಹೀಗೆ ಬೆರೆತಿದ್ದರೆ ಅರ್ಥ ನಿಶ್ಚಯಿಸಲಾಗದು, ಮುಂದೆ ಓದುವುದಿಲ್ಲ ಎಂದು ದೋಷ ತೋರಿಸಿ ಸುಮ್ಮನಾಯಿತು. ನಾನು ಬಹಳ ಹೊತ್ತು ಆ ತೆರೆಯನ್ನು ನೋಡುತ್ತಾ ಕುಳಿತಿದ್ದೆ.

ಶಿಷ್ಯನಿಗೆ ಈ ಬರಹದ ಕೊಂಡಿಯನ್ನು ಕಳುಹಿಸುತ್ತಿದ್ದೇನೆ. ಅವನ ಹಳೆಯ ಕಂತೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಕನಿಷ್ಠ ಇಪ್ಪತ್ತು ಫೈಲುಗಳನ್ನಾದರೂ ಓದಿ ನನಗೆ ಫೋನ್ ಮಾಡಲಿ. ಹಂತಗಳನ್ನು ಹಾರಿಸಿದ್ದಕ್ಕೆ ಅಂದು ಕಳೆದ ಅಂಕಗಳ ವಿಚಾರವನ್ನು ಆಗ ಮಾತನಾಡೋಣ.